ಹನ್ನೆರಡನೆಯ ಕರೆ

ಫೆಬ್ರವರಿ 3

ಅಕ್ಕ,

ಅಂತೂ ಗೆದ್ದೆ. ಹೋದ ತಿಂಗಳಿಡೀ ಇನ್‌ಬಾಕ್ಸ್ ತೆರೆದರೆ ಸಾಕು, ತಲೆ ಕೆಟ್ಟುಹೋಗುತ್ತಿತ್ತು. ದಿನಕ್ಕೆ ನಾನೂರು ಪತ್ರ. ಇಷ್ಟೊಂದು ಜನಕ್ಕೆ ನಾನು ಯಾವಾಗ ಬೇಕಾದವನಾದೆ ಅಂತ ನನಗೇ ಆಶ್ಚರ್ಯ. ಈಗ ನಮ್ಮ ಭಾಷೆಯಲ್ಲೇ ಬರುತ್ತವೆ ನೋಡು. 'ಪ್ರಿಯ ಪ್ರೀತಿಯ ಗ್ರಾಹಕ ಅವರೇ, ಡಾಕ್ಟರ್ ಮೆಚ್ಚಿದ ಪುಡಿಯಿಂದ ನಿಮ್ಮ ಹೊಟ್ಟೆಯನ್ನು ಹತ್ತು ದಿನದಲ್ಲಿ ಅಳಿಸಿರಿ.' 'ತುರ್ತು! ಬೋಳು ತಲೆಗೆ ಕೂದಲಿನ ಆಪರೇಷನ್, ಅರ್ಧ ಬೆಲೆ.' ನನ್ನ ತಲೆ ಬೋಳಾಗಿದೆ ಅಂತ ಇವರಿಗೆ ಹೇಳಿದವರು ಯಾರು ಮಾರಾಯ್ತಿ? ಪ್ರೆಸ್ಸಿನಲ್ಲಿ ನಿನ್ನ ಕೈಗೆ ಸಿಕ್ಕಿದ್ದರೆ ನೀನು ಒಂದೊಂದು ಸಾಲಿಗೂ ಕೆಂಪು ಶಾಯಿ ಸುರಿಯುತ್ತಿದ್ದೆ.

ತಪ್ಪು ನನ್ನದೇ ಬಿಡು. ಹಾಸಿಗೆ ಅಂಗಡಿಯೊಂದರ ಲಿಫ್ಟ್ ರಿಪೇರಿಗೆ ಹೋಗಿದ್ದವನು ಬಾಗಿಲಲ್ಲಿಟ್ಟಿದ್ದ ಬಹುಮಾನದ ಡಬ್ಬಿಗೆ ವಿಳಾಸ ಬರೆದು ಚೀಟಿ ಹಾಕಿದೆ. ಹಾಸಿಗೆಯೂ ಬರಲಿಲ್ಲ, ಇದ್ದ ನಿದ್ದೆಯೂ ಹೋಯಿತು.

ನಿನ್ನೆ ಮಗಳು ಪಕ್ಕದಲ್ಲಿ ಕೂತು ಒಂದು ಉಪಾಯ ಮಾಡಿಕೊಟ್ಟಳು. ಆ ಪತ್ರಗಳಲ್ಲಿ ಮತ್ತೆ ಮತ್ತೆ ಬರುವ ಪದಗಳನ್ನೆಲ್ಲ ಆರಿಸಿ ಒಂದು ಪಟ್ಟಿ ಮಾಡಿದೆವು. ಅಂಥ ಪದ ಇದ್ದದ್ದು ಯಾವುದೇ ಆಗಲಿ, ನನ್ನ ಕಣ್ಣಿಗೂ ಬೀಳದೆ ಸೀದಾ ಕಸದ ಬುಟ್ಟಿಗೆ. ಮೂವತ್ತು ದಿನ ಅಲ್ಲಿ ಕೊಳೆತು ತಾನಾಗಿಯೇ ಅಳಿಸಿಹೋಗುತ್ತದಂತೆ. ಇವತ್ತು ಬೆಳಗ್ಗೆ ತೆರೆದರೆ ಒಂದೇ ಒಂದು ಪತ್ರ, ಅದೂ ನೀರಿನ ಬಿಲ್ಲು. ಎಂಥ ನೆಮ್ಮದಿ ಅಂತೀಯ! ನೀನೇನೂ ಹೆದರಬೇಡ. ನೀನು ನನಗೆ ಯಾವತ್ತು ಹಾಸಿಗೆ ಮಾರಿದ್ದೀಯ?

ನಿನ್ನ ಬೋಲ್ಟು

ಫೆಬ್ರವರಿ 6

ಬೋಲ್ಟು,

ನಿನ್ನ ತಲೆಯ ವಿಷಯ ಊರಿಗೆಲ್ಲ ಹೇಳಿದವಳು ನಾನೇ ಅಂತ ಇಟ್ಟುಕೋ, ಸಮಾಧಾನವಾಗುತ್ತದೆ.

ಪ್ರೆಸ್ಸಿನಲ್ಲಿ ಈಗ ರೈಲಿನ ವೇಳಾಪಟ್ಟಿ ಅಚ್ಚಾಗುತ್ತಿದೆ. ಮೇಷ್ಟ್ರು ಎದುರಿಗೆ ಕೂತು ಕರಡು ತಿದ್ದುತ್ತಾರೆ, ನಾನು ಮೂಲವನ್ನು ಗಟ್ಟಿಯಾಗಿ ಓದಬೇಕು. ಏಳು ಚುಕ್ಕಿ ಹದಿನೈದು ಕಾಮಾ, ಏಳು ಚುಕ್ಕಿ ನಲವತ್ತು ಕಾಮಾ, ಬೆಳಗ್ಗೆಯಿಂದ ಸಂಜೆಯವರೆಗೆ ಇದೇ ಮಂತ್ರ. ಮೊನ್ನೆ ತರಕಾರಿ ಅಂಗಡಿಯಲ್ಲಿ ನಿಂತು 'ಒಂದು ಕಿಲೋ ಟೊಮೇಟೊ ಕಾಮಾ ಅರ್ಧ ಕಿಲೋ ಈರುಳ್ಳಿ ಫುಲ್‌ಸ್ಟಾಪ್' ಅಂದೆನಂತೆ. ಅಂಗಡಿಯವಳು ನನ್ನ ಮುಖ ನೋಡಿ, 'ಫುಲ್‌ಸ್ಟಾಪ್ ಖಾಲಿಯಾಗಿದೆ ಅಮ್ಮ, ನಾಳೆ ಬನ್ನಿ' ಅನ್ನಬೇಕೆ! ಮೇಷ್ಟ್ರಿಗೆ ಹೇಳಿದರೆ ಅವರು ಕನ್ನಡಕ ತೆಗೆದು ಒರೆಸಿಕೊಂಡು ನಕ್ಕರು. ಇಪ್ಪತ್ತೆರಡು ವರ್ಷದಲ್ಲಿ ಅವರು ನಕ್ಕದ್ದು ಮೂರನೇ ಸಲ.

ಗಂಟಲು ಸ್ವಲ್ಪ ಕಟ್ಟಿದೆ, ಅಷ್ಟೇ. ಮಗಳಿಗೆ ಮುದ್ದು ಹೇಳು. ಅತ್ತೆ ಇನ್ನೂ ಬದುಕಿದ್ದಾಳೆ ಅಂತಲೂ ಹೇಳು.

ಅಕ್ಕ

ಫೆಬ್ರವರಿ 12

ಬೋಲ್ಟು,

ಇದನ್ನು ಕೆಲಸದ ನಡುವೆ ನಿಂತುಕೊಂಡು ಓದಬೇಡ. ಕೂತು ಓದು.

ಹೋದ ಪತ್ರದಲ್ಲಿ ಗಂಟಲು ಕಟ್ಟಿದೆ ಅಂದಿದ್ದೆ. ಕಟ್ಟಿ ಐದು ತಿಂಗಳಾಯಿತು. ಗಟ್ಟಿಯಾಗಿ ಓದುವವಳಿಗೆ ಇದೆಲ್ಲ ಇದ್ದದ್ದೇ ಅಂದುಕೊಂಡು ಸುಮ್ಮನಿದ್ದೆ. ಈಗ ನನ್ನ ಧ್ವನಿ ಕೇಳಿದರೆ ನೀನು ಗುರುತು ಹಿಡಿಯಲಾರೆ. ಮೊನ್ನೆ ದಿನಸಿ ಅಂಗಡಿಗೆ ಫೋನ್ ಮಾಡಿದರೆ ಆ ಕಡೆಯವನು 'ಹೇಳಿ ತಾತ' ಅಂದ. ಗಂಟಲಲ್ಲಿ ಗಡ್ಡೆಯಿದೆ. ಡಾಕ್ಟರ್ ಒಂದು ಹಾಳೆಯಲ್ಲಿ ಚಿತ್ರ ಬರೆದು ತೋರಿಸಿದರು. ಮಾರ್ಚ್ ಎರಡಕ್ಕೆ ಆಪರೇಷನ್. ಧ್ವನಿಪೆಟ್ಟಿಗೆಯನ್ನು ಪೂರ್ತಿ ತೆಗೆದುಬಿಡುತ್ತಾರೆ. ಆಮೇಲೆ ಬದುಕುತ್ತೇನೆ, ಉಣ್ಣುತ್ತೇನೆ, ನಡೆಯುತ್ತೇನೆ. ಮಾತು ಮಾತ್ರ ಇರುವುದಿಲ್ಲ. ಒಪ್ಪಿಗೆಯ ಕಾಗದಕ್ಕೆ ಮೇಷ್ಟ್ರು ಸಹಿ ಹಾಕುತ್ತಾರೆ, ಅದಕ್ಕೆ ನೀನು ಓಡಿ ಬರಬೇಕಾಗಿಲ್ಲ.

ನನಗೆ ಬೇಕಾದದ್ದು ಬೇರೆ. ನಾವಿಬ್ಬರೂ ಮಾತಾಡಿ ಐದು ವರ್ಷವಾಯಿತು. ಪತ್ರದಲ್ಲಿ ನಗುತ್ತೇವೆ, ಕಿಚಾಯಿಸುತ್ತೇವೆ, ಆದರೆ ಫೋನ್ ಅಂದರೆ ಇಬ್ಬರೂ ದೂರ. ಯಾಕೆ ಅಂತ ಇಬ್ಬರಿಗೂ ಗೊತ್ತು. ಅಮ್ಮ ಹೋದ ದಿನ ನಿನಗೆ ಹನ್ನೊಂದು ಸಲ ಫೋನ್ ಮಾಡಿದೆ. ನೀನು ಲಿಫ್ಟಿನ ಶಾಫ್ಟಿನೊಳಗಿದ್ದೆ, ಫೋನು ಮೇಲೆ ಮೆಷಿನ್ ರೂಮಿನಲ್ಲಿ ಅಂಗಿಯ ಜೇಬಲ್ಲಿತ್ತು. ಅದು ಗೊತ್ತಿದ್ದೂ, ನೀನು ಬಂದು ಬಾಗಿಲಲ್ಲಿ ನಿಂತಾಗ ಎಲ್ಲರೆದುರು ಅಂದೆ: 'ಈಗ ಬಂದ್ಯಾ? ನಿನ್ನ ಹೆಸರು ಹಿಡಿದು ಕರೆದೂ ಕರೆದೂ ಪ್ರಾಣ ಬಿಟ್ಟಳು.'

ಅದು ಸುಳ್ಳು ಕಣೋ. ಅಮ್ಮನಿಗೆ ಆವತ್ತು ಬೆಳಗ್ಗೆಯಿಂದ ಎಚ್ಚರವೇ ಇರಲಿಲ್ಲ. ನಿನ್ನನ್ನೂ ಕರೆಯಲಿಲ್ಲ, ನನ್ನನ್ನೂ ಕರೆಯಲಿಲ್ಲ. ಪಕ್ಕದಲ್ಲಿ ಕೂತಿದ್ದ ನನಗೆ ಒಂದು ಮಾತೂ ಹೇಳದೆ ಹೋದಳಲ್ಲ ಅನ್ನುವ ಹೊಟ್ಟೆಯುರಿಯನ್ನು ನಿನ್ನ ಮೇಲೆ ಕಾರಿದೆ. ಆಮೇಲೆ ಪತ್ರದಲ್ಲಿ ಬರೆಯಬಹುದಿತ್ತು. ಎಷ್ಟೋ ಸಲ ಬರೆದು ಅಳಿಸಿದೆ. ಬರೆದರೆ ನೀನು ಏನಂದುಕೊಳ್ಳುತ್ತೀಯ? ಅಕ್ಕ ನನ್ನ ಸಮಾಧಾನಕ್ಕೆ ಹೇಳುತ್ತಿದ್ದಾಳೆ ಅಂದುಕೊಳ್ಳುತ್ತೀಯ. ಯಾವ ಬಾಯಲ್ಲಿ ಅಂದೆನೋ ಅದೇ ಬಾಯಲ್ಲಿ ಹೇಳಿದರೆ ಮಾತ್ರ ನೀನು ನಂಬುವುದು.

ಇನ್ನು ಹದಿನೆಂಟು ದಿನ ಇದೆ. ಯಾವ ಹೊತ್ತಿಗಾದರೂ ಸರಿ, ಒಂದು ಸಲ ಫೋನ್ ಮಾಡು. ನಾನೇ ಮಾಡಬಹುದು. ಆದರೆ ಹನ್ನೊಂದು ಸಲ ಮಾಡಿ ನೋಡಿದವಳಿಗೆ ಹನ್ನೆರಡನೆಯದಕ್ಕೆ ಧೈರ್ಯ ಸಾಲುತ್ತಿಲ್ಲ.

ಅಕ್ಕ

ಫೆಬ್ರವರಿ 17

ಅಕ್ಕ,

ತಡವಾಯಿತು, ಬೈಯಬೇಡ. ಹಳೆಯ ಕಟ್ಟಡವೊಂದರಲ್ಲಿ ಹಗ್ಗ ಬದಲಿಸುವ ಕೆಲಸ, ಮೈಯೆಲ್ಲ ಗ್ರೀಸು.

ನಿನ್ನ ಪತ್ರ ಊಟದ ಹೊತ್ತಿಗೆ ಓದಿದೆ. ನಕ್ಕು ನಕ್ಕು ಹೊಟ್ಟೆ ಹುಣ್ಣಾಯಿತು. ಜೊತೆಯವರಿಗೂ ಓದಿ ಹೇಳಿದೆ, ಅವರೂ ಬಿದ್ದು ಬಿದ್ದು ನಕ್ಕರು. ಮೇಷ್ಟ್ರಿಗೆ ನನ್ನ ನಮಸ್ಕಾರ ತಿಳಿಸು, ನಿನ್ನ ಜೊತೆ ಇಷ್ಟು ವರ್ಷ ಏಗಿದ್ದಕ್ಕೆ. ಗಂಟಲಿಗೆ ಬಿಸಿನೀರು ಕುಡಿ. ಎರಡು ದಿನ ಬಾಯಿ ಮುಚ್ಚಿಕೊಂಡಿರು, ನಿನಗೂ ಒಳ್ಳೆಯದು, ಜಗತ್ತಿಗೂ ನೆಮ್ಮದಿ.

ಇನ್‌ಬಾಕ್ಸ್ ಈಗ ತೊಳೆದಿಟ್ಟ ತಟ್ಟೆಯ ಹಾಗಿದೆ.

ಬೋಲ್ಟು

ಫೆಬ್ರವರಿ 21

ನಿನ್ನ ಪತ್ರವನ್ನು ನಾಲ್ಕು ಸಲ ಓದಿದೆ. ಬೇರೆ ಯಾರಿಗೋ ಬರೆದದ್ದು ನನಗೆ ಬಂತೇನೋ ಅಂದುಕೊಂಡೆ.

ನಗು ಬಂತಾ? ಜೊತೆಯವರಿಗೂ ಓದಿ ಹೇಳಿದೆಯಾ? ಸಿಟ್ಟಿದ್ದರೆ ನೇರವಾಗಿ ಬೈಯಬಹುದಿತ್ತು. ಬೈಸಿಕೊಳ್ಳಲು ತಯಾರಿದ್ದೆ. ಹೀಗೆ ಬಿಸಿನೀರು ಕುಡಿ ಅಂದುಬಿಟ್ಟರೆ ನಾನೇನು ಮಾಡಲಿ ಹೇಳು.

ಆಪರೇಷನ್ ಎರಡನೇ ತಾರೀಖು ಬೆಳಗ್ಗೆ ಒಂಬತ್ತಕ್ಕೆ. ಒಂದನೇ ತಾರೀಖೇ ವಾರ್ಡಿಗೆ ಸೇರಬೇಕು. ನನ್ನ ಫೋನನ್ನು ಮನೆಯಲ್ಲೇ ಬಿಟ್ಟು ಬರಲು ಡಾಕ್ಟರ್ ಹೇಳಿದ್ದಾರೆ. ಅಷ್ಟರೊಳಗೆ ಒಂದು ಸಲ. ಹಿಂದಿನ ಪತ್ರದಲ್ಲಿ ಬರೆದದ್ದನ್ನು ಬಾಯಲ್ಲಿ ಹೇಳಿ ಮುಗಿಸುತ್ತೇನೆ. ನೀನು ಏನೂ ಹೇಳಬೇಕಾಗಿಲ್ಲ, ಕೇಳಿಸಿಕೊಂಡು ಇಟ್ಟುಬಿಡು.

ಅಕ್ಕ

ಮಾರ್ಚ್ 3

ಅಕ್ಕ,

ಏನು, ಸುದ್ದಿಯೇ ಇಲ್ಲ? ಬಾಯಿ ಮುಚ್ಚಿಕೊಂಡಿರು ಅಂದರೆ ಕೈಯನ್ನೂ ಕಟ್ಟಿಹಾಕಿಕೊಂಡೆಯಾ?

ಕೇಳು. ಇನ್‌ಬಾಕ್ಸಿನ ಕಾಟ ತಪ್ಪಿತು ಅನ್ನುವಷ್ಟರಲ್ಲಿ ಫೋನಿನ ಕಾಟ ಶುರು. ನಿನ್ನೆ ಬೆಳಗ್ಗೆ ಎಂಟೂವರೆ, ಶಾಫ್ಟಿಗೆ ಇಳಿಯಲು ಬೆಲ್ಟ್ ಕಟ್ಟಿಕೊಳ್ಳುತ್ತಿದ್ದೆ, ಗೊತ್ತಿಲ್ಲದ ನಂಬರು. ಎತ್ತಿದರೆ ಯಾರೋ ಮುದುಕ, ಗಂಟಲು ಗರಗಸದ ಹಾಗೆ. 'ನಾನು ಕಣೋ, ನಾನು' ಅಂತಾನೆ. 'ನಾನು ಅಂದ್ರೆ ಯಾರಯ್ಯ?' ಅಂದೆ. ಮತ್ತೆ ಅದೇ, 'ನಾನು ಕಣೋ'. ಈಗ ಹೀಗೆ ನೆಂಟರ ಹಾಗೆ ಮಾತು ತೆಗೆದು ಟೋಪಿ ಹಾಕುವವರ ಗುಂಪೇ ಇದೆಯಂತೆ, ನಮ್ಮ ಸೂಪರ್‌ವೈಸರ್ ಹೇಳಿದ್ದ. 'ಬೇರೆ ಯಾರಾದ್ರೂ ಸಿಗ್ತಾರೆ ನೋಡು ತಾತ, ನನಗೆ ಯಾರೂ ಇಲ್ಲ' ಅಂತ ಹೇಳಿ ಇಟ್ಟುಬಿಟ್ಟೆ. ಅವನು ಇನ್ನೂ ಏನೋ ಗೊಣಗುತ್ತಿದ್ದ.

ಜೊತೆಯವರ ಮುಂದೆ ಅವನ ಧ್ವನಿ ಮಾಡಿ ತೋರಿಸಿ ನಗಿಸಿದೆ. ಆದರೆ ನಿನಗೆ ಹೇಳುವುದಕ್ಕೇನು, ಅದು ಕಿವಿಯಿಂದ ಹೋಗುತ್ತಿಲ್ಲ. 'ಕಣೋ' ಅಂದ ರೀತಿ ಇದೆಯಲ್ಲ. ನನ್ನನ್ನು ಹಾಗೆ ಕರೆಯುವವರು ಈಗ ಯಾರಿದ್ದಾರೆ?

ಬರಿ.

ಬೋಲ್ಟು

ಮಾರ್ಚ್ 9

ಬೋಲ್ಟು,

ಪ್ರೆಸ್ಸಿಗೆ ರಜೆ ಹಾಕಿದ್ದೇನೆ. ಆರಾಮಾಗಿದ್ದೇನೆ. ಕಿಟಕಿಯ ಹೊರಗೆ ಒಂದು ಗೋಡೆ, ಗೋಡೆಯ ಮೇಲೆ ಒಂದು ಬೆಕ್ಕು, ಇಷ್ಟೇ ನನ್ನ ಲೋಕ. ಮೇಷ್ಟ್ರು ದಿನವೂ ಸಂಜೆ ಬರುತ್ತಾರೆ, ಈಗ ಅವರೇ ಗಟ್ಟಿಯಾಗಿ ಓದಿ ಅವರೇ ತಿದ್ದಿಕೊಳ್ಳಬೇಕಾಗಿದೆಯಂತೆ. ಪಾಪ, ತಮ್ಮ ಮೇಲೆ ತಾವೇ ರೇಗಿಕೊಳ್ಳುತ್ತಾರೆ.

ಹೌದು, ಟೋಪಿ ಹಾಕುವವರು ಜಾಸ್ತಿಯಾಗಿದ್ದಾರೆ. ನೀನು ಇಟ್ಟದ್ದೇ ಒಳ್ಳೆಯದಾಯಿತು. ಅದನ್ನೇ ಮನಸ್ಸಿಗೆ ಹಚ್ಚಿಕೊಂಡು ಕೂರಬೇಡ. ಸುಮ್ಮನೆ ಕೇಳುತ್ತೇನೆ, ಆ ಮುದುಕ ಬೇರೆ ಏನಾದರೂ ಅಂದನಾ? ನಿನ್ನ ಕಿವಿಗೆ ಏನು ಬಿತ್ತು?

ಅಕ್ಕ

ಮಾರ್ಚ್ 13

ಅಕ್ಕ,

ಬೇರೇನೂ ಕೇಳಿಸಲಿಲ್ಲ. ನೀನು ಯಾಕೆ ಕೇಳುತ್ತೀಯ? ನೀನು ಕೇಳಿದ ಮೇಲಂತೂ ಇನ್ನೂ ಜಾಸ್ತಿಯಾಯಿತು.

ನಾನು ಈ ವಿಷಯ ನಿನ್ನ ಹತ್ತಿರ ಯಾವತ್ತೂ ಎತ್ತಿದವನಲ್ಲ, ಇವತ್ತು ಎತ್ತುತ್ತೇನೆ. ಅಮ್ಮ ಕೊನೆಯಲ್ಲಿ ನನ್ನ ಹೆಸರು ಹಿಡಿದು ಕರೆದಳು ಅಂದಿದ್ದೆಯಲ್ಲ. ಹೇಗೆ ಕರೆದಿರಬಹುದು ಅಂತ ಐದು ವರ್ಷದಿಂದ ಯೋಚಿಸುತ್ತಿದ್ದೇನೆ. ಶಾಫ್ಟಿನೊಳಗೆ ಇಳಿದಾಗ ಮೇಲಿನಿಂದ ಯಾರು ಏನು ಕೂಗಿದರೂ ಅದೇ ಅನಿಸುತ್ತದೆ. ಅಮ್ಮನ ಧ್ವನಿ ನೆನಪಿದೆ, ಆದರೆ ಆ ಹೊತ್ತಿನ ಧ್ವನಿ ಹೇಗಿತ್ತೋ ನನಗೆ ಗೊತ್ತಿಲ್ಲವಲ್ಲ. ಅದೊಂದು ಜಾಗ ಖಾಲಿಯಿತ್ತು. ಈಗ ಆ ಮುದುಕನ ಧ್ವನಿ ಹೋಗಿ ಅಲ್ಲಿ ಕೂತಿದೆ. ಅಮ್ಮ ಮಂಚದ ಮೇಲಿಂದ ಅದೇ ಗಂಟಲಲ್ಲಿ 'ನಾನು ಕಣೋ, ನಾನು' ಅಂತಾಳೆ, ನಾನು ಫೋನ್ ಇಡುತ್ತೇನೆ. ಮಟಮಟ ಮಧ್ಯಾಹ್ನ, ನಾಲ್ಕು ಜನರ ನಡುವೆ ನಿಂತಿದ್ದಾಗ ಇದು ಆಗುತ್ತದೆ. ನಿನ್ನೆ ಕೈಯಿಂದ ಸ್ಪ್ಯಾನರ್ ಜಾರಿ ಐದು ಮಹಡಿ ಕೆಳಗೆ ಬಿತ್ತು. ಕೆಳಗೆ ಯಾರೂ ಇರಲಿಲ್ಲ, ಪುಣ್ಯ.

ಹುಚ್ಚು ಅನ್ನು, ಪರವಾಗಿಲ್ಲ.

ಬೋಲ್ಟು

ಮಾರ್ಚ್ 20

ಅಕ್ಕ,

ಇವತ್ತು ಬೆಳಗ್ಗೆ ಸೂಪರ್‌ವೈಸರ್ ಎಲ್ಲರ ಮುಂದೆ ನನಗೆ ಮಂಗಳಾರತಿ ಎತ್ತಿದ. ಮೊನ್ನೆ ಒಂದು ಕಟ್ಟಡದಲ್ಲಿ ಇಬ್ಬರು ಲಿಫ್ಟಿನೊಳಗೆ ಸಿಕ್ಕಿಹಾಕಿಕೊಂಡು ಎರಡು ಗಂಟೆ ಒದ್ದಾಡಿದರಂತೆ. ನನಗೆ ಪತ್ರ ಕಳಿಸಿದ್ದನಂತೆ. 'ತುರ್ತು ಅಂತ ದಪ್ಪ ಅಕ್ಷರದಲ್ಲಿ ಹಾಕಿದ್ದೆನಲ್ಲಯ್ಯಾ, ಕಣ್ಣು ಕಾಣಲ್ವಾ?' ಅಂದ. ಆಗ ಹೊಳೆಯಿತು. ತುರ್ತು ನನ್ನ ಪಟ್ಟಿಯಲ್ಲಿತ್ತು.

ಬುಟ್ಟಿ ತೆರೆದು ನೋಡಿದೆ. ಸಾವಿರಾರು ಪತ್ರ. ಕೂದಲು, ಹೊಟ್ಟೆ, ಸಾಲ, ಇವುಗಳ ನಡುವೆ ನಿನ್ನ ಹೆಸರು. ಡಾಕ್ಟರ್, ಆಪರೇಷನ್ ಕೂಡ ಪಟ್ಟಿಯಲ್ಲಿದ್ದವು, ಆಗಲೇ ಆ ಪಟ್ಟಿಯನ್ನೇ ಕಿತ್ತುಹಾಕಿದೆ.

ಫೆಬ್ರವರಿ ಇಪ್ಪತ್ತೊಂದರ ಪತ್ರ ಒಂದೇ ಉಳಿದಿದೆ. ಅದರಲ್ಲಿ 'ಹಿಂದಿನ ಪತ್ರ' ಅಂದಿದ್ದೀಯ, ಅದು ಇಲ್ಲ. ಮೂವತ್ತು ದಿನ ಕಳೆದು ಅಳಿಸಿಹೋಗಿದೆ. ನಾನು ನಕ್ಕದ್ದು ತರಕಾರಿ ಅಂಗಡಿಯ ಪತ್ರಕ್ಕೆ ಅಕ್ಕ. ದೇವರಾಣೆ, ಅದೊಂದೇ ನನಗೆ ಬಂದದ್ದು.

ಇನ್ನೊಂದು ಹೇಳಿಬಿಡುತ್ತೇನೆ. ಪಟ್ಟಿ ಮಾಡಿದ ದಿನ ಮಗಳು, 'ಅಪ್ಪ, ಬೇಕಾದವರ ಹೆಸರು ಹೇಳು, ಅವರದ್ದು ಹೋಗದ ಹಾಗೆ ಮಾಡ್ತೀನಿ' ಅಂದಿದ್ದಳು. ಕಳ್ಳರು ಗೊತ್ತಿರುವವರ ಹೆಸರಲ್ಲೇ ಬರುತ್ತಾರೆ ಅಂತ ದೊಡ್ಡ ಜಾಣನ ಹಾಗೆ 'ಯಾರನ್ನೂ ಬಿಡಬೇಡ' ಅಂದೆ. 'ಅತ್ತೆಯನ್ನೂ?' ಅಂದಳು. 'ನಿಮ್ಮತ್ತೆ ನನಗೇನು ಔಷಧಿ ಮಾರ್ತಾಳಾ?' ಅಂದೆ.

ಆಪರೇಷನ್ ಆಯಿತಾ? ಹೇಗಿದ್ದೀಯ? ಎರಡನೇ ತಾರೀಖು ಒಂಬತ್ತಕ್ಕೆ ಅಂದಿದ್ದೀಯ. ಎಂಟೂವರೆಗೆ ನನಗೆ ಬಂದ ಫೋನು ನಿನ್ನದಾ? ಅಲ್ಲ ಅಂತ ಹೇಳು. ಆ ಅಳಿಸಿಹೋದ ಪತ್ರದಲ್ಲಿ ಏನಿತ್ತು?

ಬೋಲ್ಟು

ಮಾರ್ಚ್ 23

ಬೋಲ್ಟು,

ಮೊದಲು ಬೆಲ್ಟ್ ಸರಿಯಾಗಿ ಕಟ್ಟಿಕೊಂಡು ಕೆಲಸ ಮಾಡು. ಸ್ಪ್ಯಾನರ್ ಬಿದ್ದ ಸುದ್ದಿ ಓದಿ ನನಗೆ ಅನ್ನ ಸೇರಲಿಲ್ಲ.

ಆಪರೇಷನ್ ಆಯಿತು. ಕತ್ತಿನಲ್ಲಿ ಒಂದು ತೂತು ಇದೆ, ಅದರಲ್ಲೇ ಉಸಿರು. ಮಾತು ಇಲ್ಲ. ಕೈಯಲ್ಲೊಂದು ಸ್ಲೇಟು, ಬೇಕಾದದ್ದು ಬರೆದು ತೋರಿಸುತ್ತೇನೆ. ಮೇಷ್ಟ್ರು ಮನೆಯಿಂದ ನನ್ನ ಫೋನು ತಂದುಕೊಟ್ಟ ಮೇಲೆ ಮಾರ್ಚ್ ಮೂರರ ನಿನ್ನ ಪತ್ರ ನೋಡಿದೆ, ಆಗಲೇ ನನ್ನ ಪತ್ರಗಳು ನಿನಗೆ ಸೇರಿಲ್ಲ ಅಂತ ಗೊತ್ತಾಯಿತು. ನೀನು ಅಷ್ಟು ಕಟುಕನಲ್ಲ. ನೀನು ಪದಗಳ ಪಟ್ಟಿ ಅಂದಿದ್ದೆ, ನನಗೂ ಹೊಳೆಯಬೇಕಿತ್ತು.

ಆ ಫೋನು ನನ್ನದಲ್ಲ. ನಾನು ಯಾರಿಗೂ ಫೋನ್ ಮಾಡಲಿಲ್ಲ. ಆವತ್ತು ಬೆಳಗ್ಗೆ ಆರಕ್ಕೇ ಸೂಜಿ ಚುಚ್ಚಿ ಮಲಗಿಸಿದ್ದರು. ಯಾರೋ ಮುದುಕ, ಯಾರಿಗೋ ಮಾಡಲು ಹೋಗಿ ನಿನಗೆ ಮಾಡಿದ್ದಾನೆ. ಅದನ್ನು ಅಲ್ಲಿಗೆ ಬಿಡು.

ಅಳಿಸಿಹೋದ ಪತ್ರದಲ್ಲಿದ್ದದ್ದು ಇಷ್ಟೇ: ಅಮ್ಮ ನಿನ್ನನ್ನು ಕರೆಯಲಿಲ್ಲ. ಎಚ್ಚರವೇ ಇಲ್ಲದೆ ಹೋದಳು. ನಾನು ಹೊಟ್ಟೆಯುರಿಯಿಂದ ಸುಳ್ಳು ಹೇಳಿದೆ. ಐದು ವರ್ಷ ಅದು ನಿನ್ನನ್ನು ಹೀಗೆ ತಿನ್ನುತ್ತಿತ್ತು ಅಂತ ನನಗೆ ಗೊತ್ತಿರಲಿಲ್ಲ. ಗೊತ್ತಿರಲಿಲ್ಲ ಅನ್ನುವುದೂ ಪೂರ್ತಿ ನಿಜವಲ್ಲ. ನೀನು ಫೋನ್ ಮಾಡದೇ ಇದ್ದಾಗಲೆಲ್ಲ ಗೊತ್ತಾಗುತ್ತಿತ್ತು.

ಇನ್ನು ಆ ಮಂಚದ ಮೇಲೆ ಯಾರನ್ನೂ ಕೂರಿಸಿ ಮಾತಾಡಿಸಬೇಡ. ಅಲ್ಲಿ ಯಾವ ಧ್ವನಿಯೂ ಇರಲಿಲ್ಲ.

ಅಕ್ಕ

ಮಾರ್ಚ್ 26

ಅಕ್ಕ,

ನಿನ್ನ ಪತ್ರ ಓದಿದೆ. ನಿಜ ಹೇಳಲಾ? ನಂಬಲಿಲ್ಲ. ನಾನು ನರಳುತ್ತಿದ್ದೇನೆ ಅಂತ ಗೊತ್ತಾದ ಮೇಲೆ, ಸಮಾಧಾನಕ್ಕೆ ಕಟ್ಟಿದ ಮಾತು ಅನಿಸಿತು. ಚಿಕ್ಕವನಿದ್ದಾಗಿನಿಂದ ನೀನು ಹಾಗೇ. ನನ್ನ ನಾಯಿಮರಿ ಸತ್ತಾಗ ಯಾರೋ ಒಳ್ಳೆಯವರು ಸಾಕಲು ಕೇಳಿ ತಗೊಂಡು ಹೋದರು ಅಂದಿದ್ದವಳು ನೀನು.

ಅದಕ್ಕೆ ನಿನ್ನೆ ಆ ನಂಬರಿಗೆ ಫೋನ್ ಮಾಡಿದೆ. ಫೋನಿನಲ್ಲಿ ಇನ್ನೂ ಇತ್ತು, ಮಾರ್ಚ್ ಎರಡು, ಎಂಟು ಮೂವತ್ತೆರಡು. ವಾರ್ಡಿನ ಆಯಾ ಎತ್ತಿದರು. ತಮ್ಮ ಅಂತ ಹೇಳಿಕೊಂಡೆ. ಆ ತಾಯಿ, 'ಓ, ಆ ಗಂಟಲಿನ ಅಮ್ಮನ ತಮ್ಮನಾ ನೀವು? ಈಗ ಮಾಡ್ತಿದ್ದೀರಾ?' ಅಂದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ನೀನು ಬೆಳಗ್ಗೆಯೇ ಅವರ ಫೋನ್ ಕೇಳಿದೆಯಂತೆ. ಕೊಡಬಾರದು ಅಂದರೂ ಬಿಡಲಿಲ್ಲವಂತೆ. ಮಾಡುವ ಮುಂಚೆ ಕಿಟಕಿಯ ಹತ್ತಿರ ನಿಂತು ಒಂದೇ ಮಾತನ್ನು ಮೂರ್ನಾಲ್ಕು ಸಲ ಹೇಳಿಕೊಂಡೆಯಂತೆ. ಅವರಿಗೆ ಅದು ಬಾಯಿಪಾಠ ಆಗಿಬಿಟ್ಟಿದೆ. ಅವರ ಬಾಯಲ್ಲಿ ಕೇಳಿದೆ: 'ಅಮ್ಮ ನಿನ್ನನ್ನ ಕರೀಲಿಲ್ಲ ಕಣೋ, ನಾನು ಸುಳ್ಳು ಹೇಳ್ದೆ.' ನಾನು ಇಟ್ಟದ್ದು ನಿನಗೆ ಗೊತ್ತಾಯಿತಂತೆ, ಆದರೂ ನೀನು ಫೋನ್ ಕೆಳಗಿಳಿಸಲಿಲ್ಲವಂತೆ. 'ಆ ಕಡೆ ಯಾರೂ ಇರಲಿಲ್ಲ ಸ್ವಾಮಿ, ಬರೀ ಕುಂಯ್ ಅಂತಿತ್ತು. ಅಮ್ಮ ಪೂರ್ತಿ ಹೇಳಿ ಮುಗಿಸಿದ್ರು. ಆಮೇಲೆ ಫೋನ್ ನನ್ನ ಕೈಗೆ ಕೊಟ್ಟು, ಆಯ್ತು ನಡೀರಿ ಅಂದ್ರು.'

ನನ್ನ ನರಳಾಟ ನಿನಗೆ ಗೊತ್ತಾಗುವ ಮುಂಚೆಯೇ ನೀನು ಅದನ್ನು ಹೇಳಿದ್ದೀಯ. ಆದ್ದರಿಂದ ಈಗ ನಂಬುತ್ತೇನೆ. ಅಮ್ಮ ಕರೆಯಲಿಲ್ಲ. ನೀನು ಮಾಡಲೇ ಇಲ್ಲ ಅನ್ನುವ ಫೋನೊಂದೇ ಅದಕ್ಕೆ ಸಾಕ್ಷಿ. ಆ ಸುಳ್ಳನ್ನೂ ನಂಬಿ, ಈ ನಿಜವನ್ನೂ ನಂಬು ಅಂದರೆ ಆಗುವುದಿಲ್ಲ ಅಕ್ಕ.

ಮಂಚದ ಮೇಲೆ ಈಗ ಯಾವ ಧ್ವನಿಯೂ ಇಲ್ಲ. ಅಮ್ಮ ಸುಮ್ಮನೆ ಮಲಗಿದ್ದಾಳೆ. ಆದರೆ ಆ ಧ್ವನಿ ಎಲ್ಲಿಗೂ ಹೋಗಿಲ್ಲ. ನಿನ್ನ ಹಳೆಯ ಧ್ವನಿ ನೆನಪು ಮಾಡಿಕೊಳ್ಳಲು ನಿನ್ನೆಯಿಂದ ಹೆಣಗುತ್ತಿದ್ದೇನೆ, ಬರುತ್ತಿಲ್ಲ. ನಲವತ್ತು ವರ್ಷ ಕೇಳಿದ್ದು ಹೋಗಿ, ಹತ್ತು ಸೆಕೆಂಡು ಕೇಳಿದ್ದು ಉಳಿದಿದೆ. ನಿನ್ನ ಪತ್ರ ತೆರೆದರೆ ಸಾಕು, ಅದೇ ಗರಗಸದ ಗಂಟಲಲ್ಲಿ ಓದಿಕೊಳ್ಳುತ್ತದೆ. ಬೆಕ್ಕಿನ ವಿಷಯವನ್ನೂ ಹಾಗೇ ಓದುತ್ತದೆ. ಇನ್ನು ನನಗೆ ನಿನ್ನ ಧ್ವನಿ ಅಂದರೆ ಅದೇ. 'ನನಗೆ ಯಾರೂ ಇಲ್ಲ' ಅಂದು ನಾನು ಇಟ್ಟದ್ದನ್ನೂ ಅದು ಪ್ರತಿ ಸಲ ಕೇಳಿಸಿಕೊಂಡು ಸುಮ್ಮನಾಗುತ್ತದೆ.

ಈ ಭಾನುವಾರ ಬೆಳಗ್ಗೆ ಹತ್ತಕ್ಕೆ ಫೋನ್ ಮಾಡುತ್ತೇನೆ. ಬಸ್ಸಿಗೂ ಟಿಕೆಟ್ ಮಾಡಿಸಿದ್ದೇನೆ, ಆದರೆ ರಜೆ ಸಿಗುವುದು ಮುಂದಿನ ವಾರವೇ. ಅಷ್ಟು ದಿನ ತಡೆಯಲಾರೆ. ನೀನು ಎತ್ತಿ ಕಿವಿಗಿಟ್ಟುಕೋ. ನಿನ್ನ ಉಸಿರು ಕೇಳಿದರೆ ಸಾಕು, ಉಳಿದದ್ದು ನಾನು ಹೇಳುತ್ತೇನೆ. ನನ್ನ ಹತ್ತಿರ ಐದು ವರ್ಷದ್ದು ಇದೆ. ಸಾಕು ಅನಿಸಿದಾಗ ನೀನೇ ಇಟ್ಟುಬಿಡು. ನಾನಂತೂ ಇಡುವುದಿಲ್ಲ.

ಬೋಲ್ಟು